ಬುಧವಾರ ಸಂಜೆಯ ಒಂದು ಹಿಡಿ

ಜುಲೈ 3

ಮಗಳೇ,

ಕಾಗದದ ಮೊದಲ ಸಾಲಿನಲ್ಲಿ ‘ನಾವು ಕ್ಷೇಮ’ ಎಂದು ಬರೆಯುವುದು ರೂಢಿ. ಈ ಸಲ ಕೈ ಬರುತ್ತಿಲ್ಲ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ನಮ್ಮ ಫೋನು ಇರುವುದು ನಡುಮನೆಯಲ್ಲಿ, ನಿನ್ನಮ್ಮನ ಕುರ್ಚಿ ಇರುವುದು ಅದರ ಪಕ್ಕದಲ್ಲಿ. ಅವಳ ಕಿಡ್ನಿ ಕೆಟ್ಟಿದೆ, ಕಿವಿ ಕೆಟ್ಟಿಲ್ಲ.

ವಿಷಯ ಇಷ್ಟೇ. ನಿನ್ನ ಸಂಶೋಧನೆಯ ಸುದ್ದಿ ಪೇಪರಿನಲ್ಲಿ ಬಂದ ದಿನದಿಂದ ಅವಳು ಊಟವನ್ನು ಅರ್ಧ ಮಾಡಿದ್ದಾಳೆ. ‘ಅರ್ಧ ಆಹಾರ ತಿಂದ ಇಲಿಗಳಲ್ಲಿ ಕೆಟ್ಟ ಕಿಡ್ನಿ ಚೇತರಿಕೆ’ ಎಂಬ ಆ ತುಣುಕನ್ನು ಕತ್ತರಿಸಿ ಕನ್ನಡಿಗೆ ಅಂಟಿಸಿದ್ದಾಳೆ. ತಲೆ ಬಾಚಿಕೊಳ್ಳಬೇಕಾದರೆ ನಾನು ನಿನ್ನ ಇಲಿಗಳ ಮಧ್ಯೆ ಮುಖ ಹುಡುಕಬೇಕು. ಒಂದು ತೂಕದ ಯಂತ್ರ ತಂದಿದ್ದಾಳೆ, ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಮೂವತ್ತು ವರ್ಷ ಶಾಲೆ ಮಕ್ಕಳಿಗೆ ಜೀವಶಾಸ್ತ್ರದ ಮೊದಲ ಪಾಠ ಹೇಳಿದವಳು, ಸುಮ್ಮನೆ ಬಿಡುತ್ತಾಳೆಯೇ? ಎಡಗಡೆ ಪುಟದಲ್ಲಿ ಅವಳ ತೂಕ, ಬಲಗಡೆ ನನ್ನದು.

“ನನ್ನದು ಯಾಕೆ?” ಅಂದೆ.

“ಒಬ್ಬರು ಅರ್ಧ ಉಣ್ಣಬೇಕು, ಒಬ್ಬರು ಪೂರ್ತಿ ಉಣ್ಣಬೇಕು. ಆಗಲೇ ಹೋಲಿಸೋಕೆ ಆಗೋದು. ನೀವು ಕಂಟ್ರೋಲ್.”

ಮದುವೆಯಾದ ಇಷ್ಟು ವರ್ಷಕ್ಕೆ ಈ ಮನೆಯಲ್ಲಿ ನನ್ನ ಕೈಗೆ ಕಂಟ್ರೋಲ್ ಬಂತು ನೋಡು. ಆದರೆ ಎದುರಿಗೆ ಕೂತವಳು ಅರ್ಧ ತಟ್ಟೆ ಮುಗಿಸಿ ಕೈತೊಳೆದರೆ ನನಗೆ ಪೂರ್ತಿ ತಟ್ಟೆ ಇಳಿಯುವುದಾದರೂ ಹೇಗೆ? ಮಾರ್ಚಿನಲ್ಲಿ ಐವತ್ತೆಂಟು ಕಿಲೋ ಇದ್ದಳು. ಇವತ್ತು ಐವತ್ಮೂರು. ಡಾಕ್ಟರು ಉಪ್ಪು ಬೇಳೆ ಕಡಿಮೆ ಮಾಡಿ ಅಂದಿದ್ದರೇ ಹೊರತು ಊಟ ಬಿಡಿ ಅಂದಿರಲಿಲ್ಲ. ಅವಳು ಡಾಕ್ಟರ ಮಾತು ಕೇಳುವುದಿಲ್ಲ, ನನ್ನ ಮಾತು ಕೇಳುವುದು ದೂರವೇ ಉಳಿಯಿತು. “ಊಟ ಬಲ್ಲವನಿಗೆ ರೋಗವಿಲ್ಲ ಅಂತ ಗಾದೇನೇ ಇದೆ, ನನ್ನ ಮಗಳು ಅದನ್ನ ಇಲಿ ಮೇಲೆ ಮಾಡಿ ತೋರಿಸಿದ್ದಾಳೆ” ಅನ್ನುತ್ತಾಳೆ. ನೀನು ಹೇಳಿದರೆ ಕೇಳುತ್ತಾಳೆ. ಒಂದು ಮಾತು ಬರೆ, ಬೇಗ.

ನಿನ್ನ ಅಪ್ಪ


ಜುಲೈ 14

ಅಪ್ಪ,

ಅಮ್ಮನಿಗೆ ಬರೆಯುತ್ತೇನೆ. ಇಲಿಗೆ ಒಪ್ಪಿದ್ದೆಲ್ಲ ಮನುಷ್ಯರಿಗೆ ಒಪ್ಪುವುದಿಲ್ಲ, ಅದನ್ನು ತಿಳಿಯಲು ಇನ್ನೂ ಹತ್ತು ವರ್ಷ ಬೇಕು. ಅಮ್ಮನಿಗೆ ಇದು ಗೊತ್ತಿಲ್ಲದ ಮಾತಲ್ಲ.

ಇಲ್ಲಿ ನನ್ನ ಪರಿಸ್ಥಿತಿ ಚೆನ್ನಾಗಿಲ್ಲ. ಬೇರೆ ಎರಡು ಪ್ರಯೋಗಾಲಯದವರು ನನ್ನ ಪ್ರಯೋಗವನ್ನು ಮತ್ತೆ ಮಾಡಿದ್ದಾರೆ. ಅದೇ ತಳಿ, ಅದೇ ವಯಸ್ಸು, ಅದೇ ಅರ್ಧ ಆಹಾರ. ಅವರ ಇಲಿಗಳು ಚೇತರಿಸಿಕೊಳ್ಳಲಿಲ್ಲ. ಹತ್ತು ವಾರದೊಳಗೆ ಹೆಚ್ಚುಕಡಿಮೆ ಎಲ್ಲವೂ ಸತ್ತವು. ನಮ್ಮಲ್ಲಿ ಹದಿನಾರು ಬದುಕಿದ್ದವು, ಹದಿನಾರೂ ಚೇತರಿಸಿಕೊಂಡಿದ್ದವು. ಬೇರೆಯವರ ಕೈಯಲ್ಲಿ ಬಾರದ ಫಲಿತಾಂಶ ಫಲಿತಾಂಶವೇ ಅಲ್ಲ. ಅಂಕಿಗಳನ್ನು ನಾನೇ ಕೂತು ಬರೆದಿದ್ದೇನೆ ಎಂದು ಜನ ಮಾತಾಡುತ್ತಿದ್ದಾರೆ. ತನಿಖೆಗೆ ಸಮಿತಿ ಮಾಡಿದ್ದಾರೆ. ಕ್ಯಾಂಟೀನಿನಲ್ಲಿ ನಾನು ಕೂತ ಮೇಜಿಗೆ ಯಾರೂ ಬರುವುದಿಲ್ಲ.

ನಾನು ಒಂದಂಕಿಯನ್ನೂ ತಿದ್ದಿಲ್ಲ ಅಪ್ಪ. ಹಾಗಾದರೆ ಇಲಿಮನೆಯಲ್ಲಿ ನಮ್ಮ ಕಣ್ಣಿಗೆ ಬೀಳದ ಏನೋ ವ್ಯತ್ಯಾಸ ಇದ್ದಿರಬೇಕು. ನೀರು, ಹಾಸು, ಬೆಳಕು, ಸದ್ದು. ಇಲ್ಲಿ ಕೆಲಸಕ್ಕಿದ್ದ ಆರು ವರ್ಷ ಆ ಪಂಜರಗಳನ್ನು ದಿನಾ ಮುಟ್ಟಿದವರು ನೀವು. ನೆನಪಿದ್ದದ್ದನ್ನೆಲ್ಲ ಬರೆಯಿರಿ. ನೀವು ಏನೂ ಬದಲಿಸಿರಲಿಲ್ಲ ತಾನೆ?

ನಿಮ್ಮ ಮಗಳು


ಜುಲೈ 22

ಮಗಳೇ,

ನೆನಪಿದ್ದದ್ದನ್ನು ಬರೆದಿದ್ದೇನೆ. ನೀರು ಎರಡನೇ ಮಹಡಿಯ ಫಿಲ್ಟರಿನದು. ಹಾಸು ಮರದ ಹೊಟ್ಟು, ಸೋಮವಾರ ಮತ್ತು ಶುಕ್ರವಾರ ಬದಲು. ದೀಪ ಬೆಳಿಗ್ಗೆ ಏಳಕ್ಕೆ ಹತ್ತಿ ಸಂಜೆ ಏಳಕ್ಕೆ ಆರುತ್ತಿತ್ತು. ಮೂಲೆಯ ಫ್ಯಾನು ಮೇ ತಿಂಗಳಿನಲ್ಲಿ ಕೀಚ್ ಅನ್ನುತ್ತಿತ್ತು, ನಾನೇ ಎಣ್ಣೆ ಬಿಟ್ಟೆ. ನಾನು ಹಾಡುತ್ತಿದ್ದೆ, ಅದೂ ಲೆಕ್ಕಕ್ಕೆ ಬರುವುದಾದರೆ ಬರೆದುಕೊ. ನನ್ನ ಹಾಡು ಕೇಳಿಯೂ ಬದುಕಿದವು ಅಂದರೆ ಗಟ್ಟಿ ಜೀವಗಳೇ.

ಇದರ ಕೆಳಗೆ ಇನ್ನೊಂದು ಪುಟ ಬರೆದಿದ್ದೆ. ಹರಿದುಹಾಕಿದೆ.

ನಿನ್ನ ಮೇಲೆ ತನಿಖೆ ನಡೆಯುತ್ತಿರುವುದು ಪೇಪರಿನಲ್ಲಿ ಬಂತು. ಕೆಳಗಿನ ಮನೆಯ ಟೈಲರು ಓದಿ ಮೆಟ್ಟಿಲು ಹತ್ತಿಕೊಂಡು ಬಂದು ನಿನ್ನಮ್ಮನಿಗೆ ಹೇಳಿದ. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದೂ ಸೇರಿಸಿದ. ಇವಳು ಅವನನ್ನು ಹೊಸ್ತಿಲಿನಿಂದಲೇ ಕಳಿಸಿ ಬಾಗಿಲು ಹಾಕಿ, ನನ್ನ ಕಡೆ ತಿರುಗಿ, “ಇಲಿ ಸಾಕ್ಷಿ ಸಾಲದು ಅಂತಾರಾ? ಸರಿ, ನಾನು ಸಾಕ್ಷಿ” ಅಂದಳು. ಆವತ್ತಿನಿಂದ ಬೆಳಗಿನ ಹಾಲನ್ನೂ ಅರ್ಧ ಮಾಡಿದ್ದಾಳೆ. ಇಷ್ಟು ದಿನ ಕಿಡ್ನಿಗೆ ಅಂತ ಇತ್ತು. ಈಗ ನಿನಗೋಸ್ಕರ. ಕಿಡ್ನಿಗೆ ಅಂತಿದ್ದಾಗ ಜಗಳವಾದರೂ ಆಡಬಹುದಿತ್ತು. ಐವತ್ತೊಂದು ಕಿಲೋ. ಅವಳಿಗೆ ಬರೆಯುತ್ತೇನೆ ಅಂದೆಯಲ್ಲ, ಬರೆದೆಯಾ?

ನಿನ್ನ ಅಪ್ಪ


ಆಗಸ್ಟ್ 2

ಅಮ್ಮಾ,

ದಯವಿಟ್ಟು ಊಟ ಮಾಡು. ನಾನು ಏಳನೇ ತರಗತಿಯಲ್ಲಿದ್ದಾಗ ನೀನು ಕಿಟಕಿಯ ಮೇಲೆ ಒಂದು ಹುರುಳಿ ಗಿಡ, ಕಪಾಟಿನೊಳಗೆ ಒಂದು ಹುರುಳಿ ಗಿಡ ಇಟ್ಟಿದ್ದೆ. ಕಪಾಟಿನದು ಸತ್ತಾಗ ನಾನು ಬೆಳಕಿಲ್ಲದೆ ಸತ್ತಿತು ಅಂದೆ. “ಒಂದೇ ಗಿಡ ಅಲ್ವಾ? ಹುಳ ತಿಂದಿರಬಹುದು, ಬೀಜವೇ ಕೆಟ್ಟಿರಬಹುದು. ಹತ್ತು ಇಟ್ಟು ನೋಡು, ಆಮೇಲೆ ಮಾತಾಡು” ಅಂದವಳು ನೀನೇ. ನೀನೊಬ್ಬಳು ಸಣ್ಣಗಾದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಅಪ್ಪ ನಿನಗೆ ಕಂಟ್ರೋಲ್ ಆಗುವುದೂ ಇಲ್ಲ, ಅವರ ಕಿಡ್ನಿ ಚೆನ್ನಾಗಿದೆ.

ನನ್ನ ಫಲಿತಾಂಶ ಸರಿಯಾಗಿದೆ. ಆದರೆ ಅದು ನಿನಗಲ್ಲ. ಇದನ್ನು ಪ್ರತ್ಯೇಕ ಮಾಡಿ ನೋಡು.

ನಿನ್ನ ಮಗಳು


ಆಗಸ್ಟ್ 9

ಮಗೂ,

ನಿನ್ನ ಕಾಗದ ಬಂತು. ‘ನನ್ನ ಫಲಿತಾಂಶ ಸರಿಯಾಗಿದೆ’ ಎಂದು ಬರೆದಿದ್ದೀಯ. ಅಷ್ಟು ಸಾಕು, ಉಳಿದದ್ದನ್ನು ನಾನು ಓದಲಿಲ್ಲ.

ಒಬ್ಬಳು ಸಾಲದು ಎಂದು ನನಗೂ ಗೊತ್ತು. ಹತ್ತು ಜನ ಹೆಂಗಸರನ್ನು ಎಲ್ಲಿಂದ ತರಲಿ? ಇರುವವಳು ನಾನೊಬ್ಬಳು. ನಿನ್ನನ್ನು ಸುಳ್ಳಿ ಅನ್ನುವವರ ಮುಂದೆ ಒಂದು ನೋಟ್‌ಬುಕ್ಕಾದರೂ ಇರಲಿ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗುತ್ತಾರೆ, ನಗಲಿ. ಇವತ್ತಿನ ತೂಕ ನಲವತ್ತೊಂಬತ್ತೂವರೆ. ಕಾಲಿನ ಬಾವು ಕಡಿಮೆ. ತಲೆಸುತ್ತು ದಿನಕ್ಕೆ ಎರಡು ಸಲ, ಬರೆದಿಟ್ಟಿದ್ದೇನೆ, ಮುಚ್ಚಿಟ್ಟಿಲ್ಲ. ಕಂಟ್ರೋಲಿನವರು ಈಚೆಗೆ ಊಟ ಬಿಡುತ್ತಿದ್ದಾರೆ, ಬೈದಿದ್ದೇನೆ.

ಅಮ್ಮ


ಆಗಸ್ಟ್ 19

ಮಗಳೇ,

ಇದನ್ನು ಕೂತು ಓದು. ಹತ್ತಿರ ಯಾರಾದರೂ ಇದ್ದರೆ ಆಚೆ ಕಳಿಸು.

ಜುಲೈಯಲ್ಲಿ ನೀನು ಕೇಳಿದ್ದೆ, ಏನೂ ಬದಲಿಸಿರಲಿಲ್ಲ ತಾನೆ ಎಂದು. ನಾನು ನೀರು, ಹಾಸು, ದೀಪ, ಫ್ಯಾನು, ನನ್ನ ಹಾಡು ಎಲ್ಲ ಬರೆದೆ. ಊಟದ ವಿಷಯ ಬರೆಯಲಿಲ್ಲ. ಹರಿದುಹಾಕಿದ ಪುಟದಲ್ಲಿ ಇದ್ದದ್ದು ಅದೇ.

ಪ್ರಯೋಗದ ಐದನೇ ವಾರ ಅದು. ಗುರುವಾರ ತೂಕ ಮಾಡುವ ದಿನ. ಯಾವ ಇಲಿ ತನ್ನ ತೂಕದಲ್ಲಿ ಐದನೇ ಒಂದು ಭಾಗ ಕಳೆದುಕೊಂಡಿತೋ ಅದನ್ನು ಪ್ರಯೋಗದಿಂದ ತೆಗೆಯಬೇಕು ಎಂಬುದು ನಿಯಮ. ತೆಗೆಯುವುದು ಅಂದರೆ ಏನೆಂದು ನನಗೂ ನಿನಗೂ ಗೊತ್ತು. ಅರ್ಧ ಊಟದ ಇಪ್ಪತ್ತರಲ್ಲಿ ನಾಲ್ಕು ಹಾಗೆ ಹೋಗಿದ್ದವು. ಆವತ್ತು ನೀನು ಪಂಜರ ತೊಳೆಯುವ ಕೋಣೆಗೆ ಬಂದು, ಬಾಗಿಲು ಹಾಕಿಕೊಂಡು, ಸಿಂಕ್ ಹಿಡಿದು ಅತ್ತೆ. “ಇನ್ನೊಂದು ಹೋದ್ರೂ ಲೆಕ್ಕಕ್ಕೆ ಬರಲ್ಲ ಅಪ್ಪ. ಮೂರು ವರ್ಷದ ಕೆಲಸ ನೀರಲ್ಲಿ ಹೋಮ” ಅಂದೆ. ಮುದ್ರಣಾಲಯ ಮುಚ್ಚಿ ಮನೆಯಲ್ಲಿ ಕೂತಿದ್ದ ಮುದುಕನಿಗೆ ಆ ಕೆಲಸ ಕೊಡಿಸಿದವಳು ನೀನು. ಎಲ್ಲರೂ ನನ್ನನ್ನು ಇಲಿಮಾವ ಅನ್ನುತ್ತಿದ್ದರು, ನೀನೊಬ್ಬಳೇ ಅಷ್ಟು ಜನರ ಮುಂದೆ ಅಪ್ಪ ಅನ್ನುತ್ತಿದ್ದೆ.

ಮುಂದಿನ ಬುಧವಾರ ಸಂಜೆ ನೋಡಿದೆ. ಮೂರನೇ ಸಾಲಿನಲ್ಲಿ ಒಂದು ಇಲಿ ಬೆನ್ನು ಗೂನು ಮಾಡಿಕೊಂಡು, ಕೂದಲು ಕೆದರಿಕೊಂಡು, ಕಂಬಿ ಕಚ್ಚುತ್ತಾ ಕೂತಿತ್ತು. ಬೆಳಿಗ್ಗೆ ತೂಕಕ್ಕೆ ನಿಂತರೆ ಅದರ ಕತೆ ಮುಗಿಯಿತು, ಅದರ ಜೊತೆ ನಿನ್ನದೂ. ಇಲಿ ಆಹಾರದ ಚೀಲದ ತಳದಲ್ಲಿ ಪುಡಿ ಉಳಿಯುತ್ತದಲ್ಲ, ಅದನ್ನು ಯಾರೂ ತೂಗುವುದಿಲ್ಲ. ಒಂದು ಹಿಡಿ ತೆಗೆದು, ನೀರಿನಲ್ಲಿ ನೆನೆಸಿ, ಅದಕ್ಕಿಟ್ಟೆ. ಬೆಳಗಾಗುವುದರೊಳಗೆ ನೆಕ್ಕಿ ಒಂದು ಚೂರೂ ಉಳಿಸಿರಲಿಲ್ಲ. ತೂಕದಲ್ಲಿ ಪಾಸಾಯಿತು. ಆಮೇಲೆ ಪ್ರತಿ ಬುಧವಾರ. ಆಮೇಲೆ ವಾರಕ್ಕೆ ಮೂರು ದಿನ, ಕೆದರಿದ ಕೂದಲಿನವಕ್ಕೆಲ್ಲ, ಕೊನೆಗೆ ಹದಿನಾರಕ್ಕೂ. ನಿನ್ನ ಹದಿನಾರೂ ಇಲಿಗಳು ಅರ್ಧ ಊಟದ ಇಲಿಗಳಲ್ಲ ಮಗಳೇ. ಮುಕ್ಕಾಲು ಊಟ ಉಂಡವು ಅವು. ಬೇರೆಯವರ ಇಲಿಮನೆಯಲ್ಲಿ ನನ್ನಂಥ ಮೂರ್ಖ ಇರಲಿಲ್ಲ, ಅದಕ್ಕೇ ಅಲ್ಲಿ ಸತ್ತವು.

ನಿನಗೆ ಒಳ್ಳೆಯದು ಮಾಡಿದೆ ಅಂದುಕೊಂಡಿದ್ದೆ. ಈ ಸಂಶೋಧನೆಗೆ ನಿನಗೆ ಬಹುಮಾನ ಕೊಟ್ಟ ದಿನ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಆ ಒಂದು ಹಿಡಿ ಪುಡಿಯಿಂದ ಈಗ ನಿನ್ನ ಮಾನ ಹೋಗುತ್ತಿದೆ, ಇಲ್ಲಿ ನಿನ್ನಮ್ಮನ ಜೀವ ಹೋಗುತ್ತಿದೆ. ನನ್ನನ್ನು ಏನು ಬೇಕಾದರೂ ಅನ್ನು. ಮೊದಲು ಅವಳಿಗೆ ಬರೆ, ಫಲಿತಾಂಶ ತಪ್ಪು ಎಂದು. ನಿನ್ನ ಕೈಯಕ್ಷರದಲ್ಲಿ. ಕಾಲಿಗೆ ಬೀಳುತ್ತೇನೆ.

ಅಪ್ಪ


ಸೆಪ್ಟೆಂಬರ್ 11

ಅಪ್ಪ,

ನಿಮ್ಮ ಕಾಗದ ಆಗಸ್ಟ್ ಇಪ್ಪತ್ತನಾಲ್ಕಕ್ಕೇ ಕೈ ಸೇರಿತು. ಇಷ್ಟು ದಿನ ಬರೆಯಲಿಲ್ಲ. ಏನು ಬರೆಯಲಿ? ಮೊದಲು ಸಿಟ್ಟು ಬಂತು. ನಿಮ್ಮ ಮುಖ ನೋಡಬಾರದು ಅನ್ನಿಸುವಷ್ಟು ಬಂತು. ಆಮೇಲೆ ಸಿಂಕ್ ಹಿಡಿದು ಅತ್ತದ್ದು ನಾನೇ ಎಂಬುದು ನೆನಪಾಯಿತು.

ಈಗ ಅತ್ತ ದರಿ ಇತ್ತ ಪುಲಿ. ನಾನು ಅಂಕಿ ತಿದ್ದಿದೆ ಅನ್ನಲು ಸಮಿತಿಗೆ ಪುರಾವೆ ಸಿಕ್ಕಿಲ್ಲ. ಸಿಗುವುದೂ ಇಲ್ಲ. ಅಕ್ಟೋಬರ್ ಹದಿನೈದಕ್ಕೆ ಫೈಲು ಮುಚ್ಚುತ್ತಾರೆ ಎಂದು ನಮ್ಮ ವಿಭಾಗದ ಮುಖ್ಯಸ್ಥರು ಹೇಳಿದ್ದಾರೆ. ಅಲ್ಲಿಯವರೆಗೆ ಯಾರಿಗೂ ಏನನ್ನೂ ಬರೆದುಕೊಡಬೇಡ ಅಂದಿದ್ದಾರೆ. ನಾನೀಗ ನಿಜ ಹೇಳಿದರೆ ಪ್ರಬಂಧ ಬಿತ್ತು, ಕೆಲಸ ಹೋಯಿತು, ನನ್ನ ಕೈಕೆಳಗಿನ ಐದು ಜನರೂ ಬೀದಿಗೆ ಬಿದ್ದರು. ಸ್ವಂತ ತಂದೆಯನ್ನು ಇಲಿಮನೆಗೆ ಸೇರಿಸಿಕೊಂಡದ್ದೂ ತಪ್ಪಿನ ಲೆಕ್ಕಕ್ಕೆ ಸೇರುತ್ತದೆ. ಅಮ್ಮನಿಗೆ ಬರೆದರೆ ಅಮ್ಮ ಸುಮ್ಮನಿರುವವಳಲ್ಲ, ನಾಲ್ಕು ಜನಕ್ಕೆ ಹೇಳುತ್ತಾಳೆ.

ಒಂದು ತಿಂಗಳು ತಡೆಯಿರಿ. ಅಷ್ಟು ದಿನ ಅಮ್ಮನನ್ನು ಹೇಗಾದರೂ ನೋಡಿಕೊಳ್ಳಿ. ಹೇಗೆ ಎಂಬುದು ನಿಮಗೆ ಗೊತ್ತಿದೆ.

ಇದನ್ನು ಓದಿ ಹರಿದುಬಿಡಿ.


ಸೆಪ್ಟೆಂಬರ್ 18

ಮಗಳೇ,

ಕೊನೆಯಲ್ಲಿ ಹೆಸರು ಹಾಕಲೂ ಹೆದರಿದ್ದೀಯ. ಕಾಗದವನ್ನು ಹರಿಯಲಿಲ್ಲ. ಪಾತ್ರೆಗಳ ಹಿಂದೆ ಇಟ್ಟಿದ್ದೇನೆ, ಯಾಕೆಂದು ನನಗೇ ಗೊತ್ತಿಲ್ಲ.

ನಿನ್ನ ದಾರಿ ಕಾಯದೆ ನಾನೇ ಅವಳಿಗೆ ಹೇಳಿದೆ. ಚೀಲ, ಪುಡಿ, ಬುಧವಾರ, ಎಲ್ಲ ಬಿಡಿಸಿ ಹೇಳಿದೆ. ನಕ್ಕಳು ಕಣೇ. ಈ ಮನೆಯಲ್ಲಿ ತಿಂಗಳಿಂದ ನಗು ಕೇಳಿರಲಿಲ್ಲ, ಅದು ಇದಕ್ಕೆ ಬರಬೇಕಿತ್ತೇ? “ನನ್ನ ಬಾಯಿಗೆ ತುತ್ತು ಹಾಕೋಕೆ ನೀವು ಮಗಳ ಮರ್ಯಾದೆಗೂ ಕೈಹಾಕ್ತೀರಾ?” ಅಂದಳು. “ಎಷ್ಟು ಸಲ ನೋಡಿದ್ದೀನಿ ನಿಮ್ಮನ್ನ. ಕಹಿ ಔಷಧೀನ ಸಿಹಿ ಅಂತ ಕುಡಿಸಿದವರು ನೀವು. ಅವಳು ಹೇಳಲಿ, ಆಗ ನಂಬ್ತೀನಿ.” ಇಷ್ಟು ವರ್ಷ ಅವಳ ಒಳ್ಳೆಯದಕ್ಕೆ ಹೇಳಿದ ಸಣ್ಣಪುಟ್ಟ ಸುಳ್ಳುಗಳೆಲ್ಲ ಒಟ್ಟಿಗೆ ಬಂದು ನನ್ನ ಕುತ್ತಿಗೆ ಹಿಡಿದವು.

ಇವತ್ತಿನ ತೂಕ ನಲವತ್ತಾರು. ಮಾರ್ಚಿನ ಐವತ್ತೆಂಟರಲ್ಲಿ ಐದನೇ ಒಂದು ಭಾಗ ಕಳೆದು ನೋಡು. ಗೆರೆ ದಾಟಿದ್ದಾಳೆ. ಇಲಿಗಾದರೆ ಒಂದು ನಿಯಮವಿತ್ತು, ನೋಡಿ ಸಹಿ ಹಾಕುವವರಿದ್ದರು. ಇವಳಿಗೆ ಯಾರಿದ್ದಾರೆ?

‘ಹೇಗೆ ಎಂಬುದು ನಿಮಗೆ ಗೊತ್ತಿದೆ’ ಎಂದು ಬರೆದೆಯಲ್ಲ, ಅದನ್ನು ಓದಿದಾಗ ನನಗೆ ನಿನ್ನ ಮೇಲೆ ಹೇಸಿಗೆಯಾಯಿತು. ಮಾಡುವುದಿಲ್ಲ ಎಂದು ಬರೆಯಲು ಕೂತೆ. ಒಳಗೆ ಅವಳು ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುವುದು ಕೇಳಿಸುತ್ತಿದೆ. ಬೆಣ್ಣೆ ಕೊಡಬಹುದು ಎಂದು ಡಾಕ್ಟರು ಹೇಳಿದ್ದಾರೆ. ಇವತ್ತಿನಿಂದ ಅವಳಿಗೆ ಗೊತ್ತಾಗದ ಹಾಗೆ ಸೂಪಿನಲ್ಲಿ ಕರಗಿಸುತ್ತೇನೆ. ನಿನ್ನ ಮಾತಿಗಲ್ಲ.

ಅವಳಿಗೆ ಒಂದೇ ಒಂದು ಸಾಲು ಬರೆ.

ಅಪ್ಪ


ಅಕ್ಟೋಬರ್ 1

ಬಚ್ಚಲಲ್ಲಿ ಬಿದ್ದಳು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ನಿನ್ನೆ ಬಂದೆವು. ಮೂಳೆ ಮುರಿದಿಲ್ಲ. ಹೃದಯ ಬಡವಾಗಿದೆ, ಕಳೆದುಕೊಂಡದ್ದೆಲ್ಲ ಮತ್ತೆ ಬರುವುದಿಲ್ಲ ಎಂದರು ಡಾಕ್ಟರು. ಮನೆಗೆ ಬಂದವಳು ಮೊದಲು ಕೇಳಿದ್ದು ತೂಕದ ಯಂತ್ರ. ನಿನ್ನ ಕಾಗದ ಬಂದಿದೆಯಾ ಎಂಬುದು ಎರಡನೆಯದು. ಇಲ್ಲ ಅಂದೆ.

ಅಪ್ಪ


ಅಕ್ಟೋಬರ್ 6

ಮಗೂ,

ಬರೆಯುವಾಗ ಬೆರಳು ನಡುಗುತ್ತದೆ, ಅಕ್ಷರ ಕೂಡಿಸಿಕೊಂಡು ಓದು.

ನಿನ್ನೆ ಸಂಜೆ ನಿಮ್ಮಪ್ಪ ಅಡುಗೆಮನೆಯಲ್ಲಿದ್ದರು. ನಾನು ಅದರ ಬಾಗಿಲಿಗೆ ಎದುರಾಗಿ ನಡುಮನೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದೆ. ನಿದ್ದೆ ಬಂದಿರಲಿಲ್ಲ, ರೆಪ್ಪೆ ಎತ್ತುವಷ್ಟು ಶಕ್ತಿ ಇರಲಿಲ್ಲ ಅಷ್ಟೇ. ಮೆಲ್ಲಗೆ ಡಬ್ಬಿ ತೆರೆದ ಸದ್ದಾಯಿತು, ಕಣ್ಣು ಬಿಟ್ಟೆ. ಬೆಣ್ಣೆ ತೆಗೆದು ನನ್ನ ಸೂಪಿಗೆ ಹಾಕಿದರು. ಕರಗುವವರೆಗೂ ತಿರುಗಿಸಿದರು. ಮೇಲೆ ತೇಲಿದ ಜಿಡ್ಡನ್ನು ಬ್ರೆಡ್ಡಿನ ಚೂರಿನಿಂದ ಒತ್ತಿ ತೆಗೆದರು. ಚಮಚ ತೊಳೆದು, ಒರೆಸಿ, ಇದ್ದಲ್ಲೇ ಇಟ್ಟರು. ಈ ಮನುಷ್ಯ ಚಮಚ ತೊಳೆದು ಜಾಗದಲ್ಲಿಟ್ಟಿದ್ದನ್ನು ನಾನು ಮದುವೆಯಾದಾಗಿನಿಂದ ಕಂಡಿಲ್ಲ. ಆ ಕೈ ನೋಡಿದೆ. ಹೊಸದಾಗಿ ಕಳ್ಳತನ ಮಾಡುವವನ ಕೈ ಅಲ್ಲ ಅದು. ಎಷ್ಟೋ ಸಲ ಮಾಡಿ ಪಳಗಿದ ಕೈ.

“ಇಲಿಗೂ ಹೀಗೇನಾ?” ಅಂದೆ.

ಬೆಚ್ಚಿಬಿದ್ದರು. ಬಟ್ಟಲು ಹಿಡಿದುಕೊಂಡು ಅಲ್ಲೇ ನಿಂತರು. “ಹೀಗೇ” ಅಂದರು. “ತೂಕದ ಹಿಂದಿನ ದಿನ.”

ಆಗ ನಂಬಿದೆ. ಹೇಳಿದಾಗ ನಂಬದಿದ್ದವಳು ಕಣ್ಣಾರೆ ಕಂಡು ನಂಬಿದೆ. ನನ್ನ ನೋಟ್‌ಬುಕ್ಕಿನ ಎರಡೂವರೆ ವಾರದ ಅಂಕಿಗಳೂ ಸುಳ್ಳು, ನಿನ್ನವೂ ಸುಳ್ಳು. ಏಳು ತಿಂಗಳು ನಾನು ಹಸಿದದ್ದು ಇರದ ಒಂದು ವಿಷಯಕ್ಕೆ. ಬಟ್ಟಲು ಕೊಡಿ ಅಂದೆ. ಪೂರ್ತಿ ಕುಡಿದೆ. ಇನ್ನೊಂದು ಕೇಳಿ ಅದನ್ನೂ ಕುಡಿದೆ. ಅವರು ನೆಲದ ಮೇಲೆ ಕೂತು ಮಗುವಿನ ಹಾಗೆ ಅತ್ತರು.

ಅಳು ನಿಂತ ಮೇಲೆ ಪಾತ್ರೆಗಳ ಹಿಂದಿನಿಂದ ನಿನ್ನ ಕಾಗದ ತಂದುಕೊಟ್ಟರು. ಓದಿದೆ. ಎರಡು ಸಲ ಓದಿದೆ.

ನಿನಗೋಸ್ಕರ ಹಸಿದಿದ್ದಕ್ಕೆ ನನಗೆ ಬೇಸರವಿಲ್ಲ. ಬೇಕಾದರೆ ಇನ್ನೂ ಹಸಿಯುತ್ತಿದ್ದೆ. ಆದರೆ ಆಗಸ್ಟಿನಿಂದ ನಿನಗೆ ಗೊತ್ತಿತ್ತು. ಗೊತ್ತಿದ್ದೂ ಹಸಿಯಲು ಬಿಟ್ಟೆ. ಅದನ್ನು ನಾನು ಎಲ್ಲಿಟ್ಟುಕೊಳ್ಳಲಿ, ನೀನೇ ಹೇಳು.

ನಾನು ಉಂಡೆ. ಇನ್ನು ನೀನು ಬಾಯಿ ಬಿಡು.

ಅಮ್ಮ


ಅಕ್ಟೋಬರ್ 12

ಅಮ್ಮಾ, ಅಪ್ಪ,

ಇವತ್ತು ಬೆಳಿಗ್ಗೆ ಸಮಿತಿಯ ಮುಂದೆ ಹೋಗಿ ಹೇಳಿದೆ. ಬರೆದೂ ಕೊಟ್ಟೆ. ಬರೆದದ್ದು ಇಷ್ಟು:

‘ನನ್ನ ಫಲಿತಾಂಶ ತಪ್ಪು. ಅರ್ಧ ಆಹಾರದಿಂದ ಮೂತ್ರಪಿಂಡ ಚೇತರಿಸಿಕೊಳ್ಳುತ್ತದೆ ಎಂದು ಈ ಪ್ರಯೋಗ ತೋರಿಸಿಲ್ಲ. ಆ ಇಲಿಗಳಿಗೆ ಲೆಕ್ಕದ ಹೊರಗೆ ಆಹಾರ ಸಿಕ್ಕಿದೆ. ಕೊಟ್ಟವರು ನನ್ನ ತಂದೆ. ಕೊಡುವ ಹಾಗೆ ಮಾಡಿದ್ದು ನನ್ನ ಅಳು. ಯಾರಾದರೂ ಇದನ್ನು ನಂಬಿ ಊಟ ಬಿಟ್ಟಿದ್ದರೆ ದಯವಿಟ್ಟು ಇವತ್ತೇ ಉಣ್ಣಿ. ಈ ವಿಷಯ ನನಗೆ ಆಗಸ್ಟ್ ಇಪ್ಪತ್ತನಾಲ್ಕರಿಂದ ಗೊತ್ತಿತ್ತು.’

ಸಮಿತಿಯ ಅಧ್ಯಕ್ಷರು ಒಳ್ಳೆಯವರು, ವಯಸ್ಸಾದವರು. ಎರಡು ಸಲ ಓದಿ, ಕನ್ನಡಕ ತೆಗೆದು, “ಕೊನೇ ವಾಕ್ಯ ಬೇಕಾ ಅಮ್ಮಾ?” ಅಂದರು. “ಅದನ್ನ ತೆಗೆದುಬಿಟ್ರೆ ಇದು ಕೆಲಸದವರು ಮಾಡಿದ ತಪ್ಪು ಅಷ್ಟೇ. ನಿಮ್ಮ ಕೆಲಸ ಉಳಿಯುತ್ತೆ. ಅದಿದ್ರೆ ನನ್ನ ಕೈಲಿ ಏನೂ ಮಾಡೋಕಾಗಲ್ಲ.” ಪೆನ್ನನ್ನೂ ನನ್ನ ಕಡೆಗೆ ತಳ್ಳಿದರು.

ಇರಲಿ ಸರ್ ಅಂದೆ. ಆ ವಾಕ್ಯ ಅವರಿಗೆ ಬರೆದದ್ದಲ್ಲ ಅಮ್ಮಾ.

ಕೋಣೆಯ ಬೀಗದ ಕೈ ಕೊಟ್ಟು ಬಂದೆ. ಶನಿವಾರ ಬೆಳಿಗ್ಗೆ ಅಲ್ಲಿಗೆ ಬರುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ನಿಮಗೆ ಬಿಟ್ಟದ್ದು. ತೆಗೆಯುವವರೆಗೂ ಮೆಟ್ಟಿಲ ಮೇಲೆ ಕೂತಿರುತ್ತೇನೆ.

ನಿಮ್ಮ ಮಗಳು